ತಪಸಿ ಗಿಡ: ಬೀಜದಿಂದ ಬೆಳೆಸುವ ಬಗೆ

ಗಾಳಿಯಲ್ಲಿ ತಿರುತಿರುಗಿ ಇಳಿಯುವ ರೆಕ್ಕೆಬೀಜ ಎಂದರೆ ಹೊರದೇಶದ ಮೇಪಲ್ ನೆನಪಾಗುತ್ತದೆ. ಭಾರತದಲ್ಲಿ ಮೇಪಲ್ ಜಾತಿಯ ಮರಗಳು ಬಹುಪಾಲು ಹಿಮಾಲಯದ ತಂಪಿನಲ್ಲಿವೆ. ಬೇಸಿಗೆಯಲ್ಲಿ ಬಿಸಿಲು 40 ಡಿಗ್ರಿ ದಾಟುವ ಯಾದಗಿರಿ, ಶಹಾಪುರ, ಸುರಪುರದ ಕಲ್ಲುಗುಡ್ಡಗಳಿಗೆ ಅದು ಸಲ್ಲದು. ರೆಕ್ಕೆಬೀಜದಿಂದಲೇ ಹುಟ್ಟುವ, ಈ ಬಿಸಿಲನ್ನು ತಡೆಯುವ ಮರ ನಮ್ಮ ಸೀಮೆಗೆ ಬೇಕಿದ್ದರೆ ಅದು ತಪಸಿ. ಸಸ್ಯಶಾಸ್ತ್ರದಲ್ಲಿ ಹೊಲೊಪ್ಟೀಲಿಯ ಇಂಟೆಗ್ರಿಫೋಲಿಯ. ಬೀಜದಿಂದ ಗಿಡ ಮಾಡುವುದನ್ನು ಈಗಷ್ಟೇ ಕಲಿಯುವವರಿಗೆ ಇದಕ್ಕಿಂತ ಸಲೀಸಾದ ಮರ ಕಡಿಮೆ.

ಮೊದಲು ತಾಯಿಮರವನ್ನು ಗುರುತಿಸಿ. ಬೂದುಬಿಳಿ ತೊಗಟೆ, ಹಳೆಯ ಮರದಲ್ಲಿ ಅದು ಚಕ್ಕೆಚಕ್ಕೆಯಾಗಿ ಏಳುತ್ತದೆ. ಒಂದು ಎಲೆ ಹರಿದು ಅಂಗೈಯಲ್ಲಿ ಹೊಸೆದು ನೋಡಿ. ಇಂಥ ತೊಗಟೆಯ ಜೊತೆಗೆ ಕೆಟ್ಟ ವಾಸನೆಯೂ ಮೂಗಿಗೆ ಹೊಡೆದರೆ ಅದು ಬಹುಮಟ್ಟಿಗೆ ತಪಸಿಯೇ. ಜನವರಿ, ಫೆಬ್ರವರಿಯಲ್ಲಿ ಎಲೆ ಉದುರಿಸಿ ಸಣ್ಣ ಹೂ ಬಿಡುತ್ತದೆ. ಆಮೇಲೆ ಟೊಂಗೆ ತುಂಬ ತಿಳಿಹಸಿರು ಕಾಯಿಗೊಂಚಲು. ಏಪ್ರಿಲ್, ಮೇ ಹೊತ್ತಿಗೆ ಅವು ಕಂದಾಗಿ, ಒಣಗಿ, ಬೇಸಿಗೆಯ ಗಾಳಿಗೆ ಉದುರುತ್ತವೆ.

ಒಂದನ್ನು ಕೈಗೆತ್ತಿಕೊಳ್ಳಿ. ಸುಮಾರು ಒಂದಂಗುಲ ಅಗಲದ ದುಂಡನೆಯ ಬಿಲ್ಲೆ, ಹಪ್ಪಳದಷ್ಟು ತೆಳುವು. ಸುತ್ತ ಇರುವುದು ರೆಕ್ಕೆ, ಅದರ ಮೇಲೆ ನರಗಳ ಬಲೆ. ನಡುವೆ ಉಬ್ಬಿರುವುದೇ ಬೀಜ. ಬಿಸಿಲಿಗೆ ಹಿಡಿದು ನೋಡಿದರೆ ನಡುಭಾಗ ದಟ್ಟವಾಗಿ ಕಾಣಬೇಕು. ಉಗುರಿನಿಂದ ಒತ್ತಿದಾಗ ಗಟ್ಟಿಯಿದ್ದರೆ ಇಟ್ಟುಕೊಳ್ಳಿ. ಚಪ್ಪಟೆಯಾಗಿ ಮಡಚಿಕೊಂಡರೆ ಅದು ಜೊಳ್ಳು, ಬಿಸಾಡಿ. ಬೀಜಕ್ಕಾಗಿ ಗುಡ್ಡ ಹತ್ತಬೇಕಿಲ್ಲ. ಹಳ್ಳದ ದಂಡೆ, ಗುಡಿಯ ಆವರಣ, ರಸ್ತೆಬದಿಯ ಮರಗಳ ಕೆಳಗೆ ಹುಡುಕಿದರೆ ಸಾಕು. ಒಂದೇ ಮರದ ಬೀಜಕ್ಕಿಂತ ಮೂರು ನಾಲ್ಕು ಮರಗಳ ಬೀಜ ಕೂಡಿಸುವುದು ಒಳ್ಳೆಯದು.

ತಪಸಿ ಬೀಜವನ್ನು ಬಹಳ ದಿನ ಕೂಡಿಡಬೇಡಿ. ಆರಿಸಿದ ಬೇಸಿಗೆಯಲ್ಲೇ ಬಿತ್ತಿ. ಕುದಿನೀರು, ಆ್ಯಸಿಡ್ ಯಾವ ಉಪಚಾರವೂ ಇದಕ್ಕೆ ಬೇಡ. ಒಂದು ರಾತ್ರಿ ತಣ್ಣೀರಿನಲ್ಲಿ ನೆನೆಸಿದರೆ ಆಯಿತು. ರೆಕ್ಕೆಯನ್ನು ತಿಕ್ಕಿ ತೆಗೆದರೂ ನಡೆಯುತ್ತದೆ, ಬಿಟ್ಟರೂ ನಡೆಯುತ್ತದೆ.

ಈಗ ಮಣ್ಣು. ಬರೀ ಎರೆಮಣ್ಣು ತುಂಬಬೇಡಿ. ನೀರು ಹೆಚ್ಚಾದರೆ ಕೆಸರು, ಒಣಗಿದರೆ ಬಿರುಕು, ಎರಡೂ ಎಳೆಬೇರಿಗೆ ಆಗದು. ಎರಡು ಪಾಲು ಮಸಾರಿ ಮಣ್ಣು, ಒಂದು ಪಾಲು ಮರಳು, ಒಂದು ಪಾಲು ಚೆನ್ನಾಗಿ ಕಳಿತ ತಿಪ್ಪೆಗೊಬ್ಬರ ಬೆರೆಸಿ. ನರ್ಸರಿಯವರು ಬಳಸುವ ಪ್ಲಾಸ್ಟಿಕ್ ಚೀಲಗಳಲ್ಲಿ ಉದ್ದನೆಯದನ್ನೇ ಆರಿಸಿ, ತಳದಲ್ಲಿ ತೂತು ಮಾಡಿ. ಚೀಲಕ್ಕೆ ಎರಡು ಬೀಜವನ್ನು ಅಡ್ಡವಾಗಿ ಮಲಗಿಸಿ, ಅರ್ಧ ಸೆಂಟಿಮೀಟರ್ ಮಣ್ಣು ಮುಚ್ಚಿ. ಆಳಕ್ಕೆ ಹಾಕಿದರೆ ಮೊಳಕೆ ಮೇಲೆ ಬರಲಾರದು. ಬಿಂದಿಗೆಯಿಂದ ಸುರಿದರೆ ಹಗುರ ಬೀಜ ತೇಲಿ ಹೋಗುತ್ತದೆ, ಕೈಯಿಂದ ಚಿಮುಕಿಸಿ. ಮೇ ಬಿಸಿಲಿಗೆ ಚಪ್ಪರದ ನೆರಳು ಬೇಕು. ಒಂದೆರಡು ವಾರದಲ್ಲಿ ಮೊಳೆಯುತ್ತವೆ. ಎರಡೂ ಹುಟ್ಟಿದರೆ ಬಲವಾದದ್ದನ್ನು ಉಳಿಸಿ ಇನ್ನೊಂದನ್ನು ಕತ್ತರಿಸಿ. ಕಿತ್ತರೆ ಪಕ್ಕದ ಬೇರೂ ಅಲುಗುತ್ತದೆ.

ಇಲ್ಲಿ ಹೊಸಬರು ಗಾಬರಿಯಾಗುವುದುಂಟು. ದೊಡ್ಡ ಮರದ ಎಲೆಯ ಅಂಚು ನುಣುಪು, ಸಸಿಯ ಎಲೆಯ ಅಂಚು ಗರಗಸದ ಹಲ್ಲು. ಬೇರೆ ಗಿಡ ಹುಟ್ಟಿತೆಂದು ಕೀಳಬೇಡಿ. ತಪಸಿಯ ಎಳೆತನದ ರೂಪವೇ ಅದು.

ಮೃಗಶಿರಾ ಮಳೆ ಹಿಡಿದ ಮೇಲೆ ಚಪ್ಪರ ತೆಗೆಯಿರಿ. ಈ ಮರ ಬಿಸಿಲು ಬೇಡುತ್ತದೆ. ಬೇರು ಚೀಲ ತೂರಿ ನೆಲಕ್ಕೆ ಇಳಿಯದಂತೆ ಆಗಾಗ ಚೀಲಗಳ ಜಾಗ ಬದಲಿಸಿ. ಮುಂದಿನ ವರ್ಷದ ಮುಂಗಾರಿನಲ್ಲಿ ಒಂದೂವರೆ ಅಡಿ ಉದ್ದ, ಅಗಲ, ಆಳದ ಗುಂಡಿ ತೋಡಿ ನಾಟಿ ಮಾಡಿ. ಇಳಿಜಾರಿನಲ್ಲಾದರೆ ಗಿಡದ ಕೆಳಬದಿಗೆ ಅರ್ಧಚಂದ್ರಾಕಾರದ ಒಡ್ಡು ಹಾಕಿ. ಹರಿದುಹೋಗುವ ಮಳೆನೀರು ಬುಡದಲ್ಲಿ ಇಂಗುತ್ತದೆ. ದನ, ಕುರಿ, ಆಡು ಇದರ ಎಲೆ ಮೇಯುತ್ತವೆ. ಬಳ್ಳಾರಿ ಜಾಲಿಯ ಮುಳ್ಳಿಗೆ ನಮ್ಮಲ್ಲಿ ಬರವಿಲ್ಲ, ಸುತ್ತ ಒತ್ತಾಗಿ ಕಟ್ಟಿ.

ಒಂದು ಎಚ್ಚರಿಕೆ. ತಪಸಿಯ ಪರಾಗ ಕೆಲವರಿಗೆ ಸೀನು, ದಮ್ಮು ತರುತ್ತದೆ. ಮನೆಯ ಕಿಟಕಿ, ಶಾಲೆ, ಆಸ್ಪತ್ರೆಯ ಪಕ್ಕ ಹಚ್ಚಬೇಡಿ. ಐವತ್ತು ಅರವತ್ತು ಅಡಿ ಬೆಳೆಯುವ ಮರಕ್ಕೆ ಹೊಲದ ಬದು, ಗುಡ್ಡದ ಬುಡ, ಹಳ್ಳದ ದಂಡೆಯೇ ತಕ್ಕ ಜಾಗ.

ಮೊದಲ ಸಲಕ್ಕೆ ಹತ್ತು ಚೀಲ ಸಾಕು. ಬೀಜಕ್ಕೂ ದುಡ್ಡಿಲ್ಲ, ಮುಳ್ಳಿಗೂ ದುಡ್ಡಿಲ್ಲ. ನಾಟಿ ಮಾಡಿದ ಮೇಲೆ ಎರಡು ಬೇಸಿಗೆ ನೀರು ಹಾಕಿ, ಬೇಲಿ ಕಾಯ್ದುಕೊಳ್ಳಿ. ಆಮೇಲೆ ಗಿಡ ನಿಮ್ಮನ್ನು ಕಾಯುವುದಿಲ್ಲ, ತಾನೇ ಬೆಳೆಯುತ್ತದೆ.