ಹಿರಿಯರ ಎದೆಬಡಿತ ಮತ್ತು ಥೈರಾಯ್ಡ್

ಭಟ್ಕಳ, ಹೊನ್ನಾವರ, ಕುಮಟಾ ತಾಲೂಕುಗಳ ಸಂಘದ ಸಭೆಗಳಲ್ಲಿ ಹಿರಿಯರ ಆರೋಗ್ಯದ ವಿಷಯ ಬಂದಾಗ ನಾವು ಪದೇ ಪದೇ ಕೇಳುವ ಮಾತು: "ವಯಸ್ಸಾಯ್ತಲ್ಲ ಸಿಸ್ಟರ್, ಸುಸ್ತು ಇರೋದೇ." ಆದರೆ ಎಲ್ಲಾ ಸುಸ್ತೂ ವಯಸ್ಸಿನದಲ್ಲ. ಕೆಲವರಲ್ಲಿ ಕಾರಣ ಥೈರಾಯ್ಡ್ ಆಗಿರುತ್ತದೆ, ಅದರ ಪೆಟ್ಟು ಹೃದಯಕ್ಕೆ ಬೀಳುತ್ತದೆ.

ಥೈರಾಯ್ಡ್ ಎಂದರೇನು?
ಕುತ್ತಿಗೆಯ ಮುಂಭಾಗದಲ್ಲಿ ಚಿಟ್ಟೆಯ ಆಕಾರದಲ್ಲಿರುವ ಗ್ರಂಥಿ. ಇದರ ರಸ ರಕ್ತದಲ್ಲಿ ಸೇರಿ ದೇಹದ ಕೆಲಸದ ವೇಗವನ್ನು, ಹೃದಯದ ಬಡಿತವನ್ನೂ ಹಿಡಿತದಲ್ಲಿಡುತ್ತದೆ.

ರಸ ಕಡಿಮೆಯಾದರೆ
ನಾಡಿ ನಿಧಾನವಾಗುತ್ತದೆ. ಸುಸ್ತು, ಚಳಿ, ಮಲಬದ್ಧತೆ, ಮುಖ ಊದಿಕೊಳ್ಳುವುದು ಕಾಣಬಹುದು. ರಕ್ತದಲ್ಲಿ ಕೊಲೆಸ್ಟ್ರಾಲ್ ಏರಿ ಹೃದಯದ ರಕ್ತನಾಳಗಳಿಗೆ ತೊಂದರೆಯಾಗುತ್ತದೆ.

ರಸ ಹೆಚ್ಚಾದರೆ
ಎದೆ ಡವಡವ ಎನ್ನುತ್ತದೆ, ಕೈ ನಡುಗುತ್ತದೆ, ಉಂಡರೂ ತೂಕ ಇಳಿಯುತ್ತದೆ. ಆದರೆ ಹಿರಿಯರಲ್ಲಿ ಇವೆಲ್ಲ ಎದ್ದು ಕಾಣದೇ ಹೋಗಬಹುದು. ಬರೀ ಸುಸ್ತು, ಮಂಕುತನ, ತಾಳ ತಪ್ಪಿದ ನಾಡಿ ಅಷ್ಟೇ ಇರಬಹುದು. ತಾಳ ತಪ್ಪಿದ ಹೃದಯದಲ್ಲಿ ರಕ್ತ ಹೆಪ್ಪುಗಟ್ಟಿ, ಅದು ಮಿದುಳಿಗೆ ಹೋದರೆ ಲಕ್ವ ಹೊಡೆಯುತ್ತದೆ. ಅಮೆರಿಕದ ಫ್ರಾಮಿಂಗ್‌ಹ್ಯಾಮ್ ಊರಿನಲ್ಲಿ 60 ದಾಟಿದವರನ್ನು 10 ವರ್ಷ ಗಮನಿಸಿದ ಅಧ್ಯಯನ 1994ರಲ್ಲಿ ಪ್ರಕಟವಾಯಿತು. ಥೈರಾಯ್ಡ್ ರಸ ಹೆಚ್ಚಾಗಿ ಟಿ.ಎಸ್.ಎಚ್. ತೀರಾ ಇಳಿದವರಲ್ಲಿ ಹೃದಯ ತಾಳ ತಪ್ಪುವ ಸಾಧ್ಯತೆ ಸುಮಾರು ಮೂರು ಪಟ್ಟು ಕಂಡುಬಂತು.

ನಾವೇನು ಮಾಡಬೇಕು?
1. ಮನೆಯ ಹಿರಿಯರನ್ನು ಕುಳ್ಳಿರಿಸಿ ಪೂರ್ತಿ ಒಂದು ನಿಮಿಷ ನಾಡಿ ಎಣಿಸಿ. 60ರಿಂದ 100ರ ಒಳಗೆ, ಒಂದೇ ತಾಳದಲ್ಲಿರಬೇಕು. ಇಲ್ಲದಿದ್ದರೆ ವೈದ್ಯರಿಗೆ ತೋರಿಸಿ, ಟಿ.ಎಸ್.ಎಚ್. ರಕ್ತಪರೀಕ್ಷೆ ಬೇಕೇ ಎಂದು ಕೇಳಿ.
2. "ದಿನಾ ಮೀನು ತಿಂತೇವೆ, ನಮಗೆ ಥೈರಾಯ್ಡ್ ಎಲ್ಲಿಂದ?" ಎನ್ನಬೇಡಿ. ಅಯೋಡಿನ್ ಸಾಕಷ್ಟು ಸಿಕ್ಕಿದರೂ ಈ ಕಾಯಿಲೆ ಬರುತ್ತದೆ.
3. ಕೊರತೆಗೆ ಕೊಡುವ ಮಾತ್ರೆಯನ್ನು ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ನೀರಿನೊಂದಿಗೆ ನುಂಗಿ ಅರ್ಧದಿಂದ ಒಂದು ತಾಸಿನ ಮೇಲೆ ಚಾ ಕುಡಿಯಬೇಕು. ಕ್ಯಾಲ್ಸಿಯಂ, ಕಬ್ಬಿಣದ ಮಾತ್ರೆಗೆ 4 ತಾಸು ಅಂತರವಿರಲಿ.
4. ಹೃದ್ರೋಗವಿರುವ ಹಿರಿಯರಿಗೆ ವೈದ್ಯರು ಸಣ್ಣ ಪ್ರಮಾಣದಿಂದ ಶುರು ಮಾಡುತ್ತಾರೆ. ಬೇಗ ಗುಣವಾಗಲಿ ಅಂತ ಹೆಚ್ಚು ನುಂಗಿದರೆ ಹೃದಯಕ್ಕೇ ಅಪಾಯ. ಮಗಳ ಮಾತ್ರೆ ಅಮ್ಮನಿಗೆ ಕೊಡಬೇಡಿ. ತಾವಾಗಿಯೇ ನಿಲ್ಲಿಸಲೂ ಬೇಡಿ.
5. ಎದೆನೋವು, ಏದುಸಿರು, ಬಾಯಿ ಸೊಟ್ಟಗಾಗುವುದು, ಒಂದು ಕೈ-ಕಾಲು ಸೋಲುವುದು ಕಂಡರೆ ಕಾಯದೆ 108ಕ್ಕೆ ಫೋನ್ ಮಾಡಿ.

ಹೃದಯದ ದೊಡ್ಡ ಚಿಕಿತ್ಸೆಗೆ ನಮ್ಮವರು ಮಣಿಪಾಲ, ಮಂಗಳೂರಿನವರೆಗೆ ಹೋಗಬೇಕಾಗುತ್ತದೆ. ಅಷ್ಟು ದೂರದ ಓಡಾಟ ಬರುವ ಮೊದಲೇ ಒಂದು ರಕ್ತಪರೀಕ್ಷೆ ಮಾಡಿಸುವುದು ಲೇಸಲ್ಲವೇ?

ಸಂಘದಲ್ಲಿ ಚರ್ಚಿಸಿ
• ನಮ್ಮ ವಾಡೆಯಲ್ಲಿ ಒಂಟಿಯಾಗಿರುವ ಹಿರಿಯರು ಯಾರು? ಅವರ ನಾಡಿ ನೋಡುವವರು ಯಾರು?
• ಅವರನ್ನು ತಾಲೂಕು ಆಸ್ಪತ್ರೆಗೆ ಕರೆದೊಯ್ಯುವ ಜವಾಬ್ದಾರಿ ಯಾರು ಹೊರುತ್ತೀರಿ?