ಕಲ್ಲನ್ನಪ್ಪಿದ ಬೇರು

ಕೃಷ್ಣಾ ತುಂಗಭದ್ರಾ ನದಿಗಳ ನಡುವಣ ರಾಯಚೂರು ಸೀಮೆ ಬಂಡೆಗಲ್ಲುಗಳ ನಾಡು. ಮಾನ್ವಿ, ದೇವದುರ್ಗಗಳ ಗುಡ್ಡಗಳಲ್ಲಿ ಹಕ್ಕಿ ಉದುರಿಸಿದ ಅರಳಿಯ ಬೀಜ ಬಂಡೆಯ ಬಿರುಕಿನಲ್ಲಿ ಮೊಳೆಯುತ್ತದೆ. ಬೇರು ಕಲ್ಲಿನ ಮೈಮೇಲೆ ಹರಿದು ಕೆಳಗಿನ ಮಣ್ಣನ್ನು ಮುಟ್ಟಿದ ಮೇಲೆ ಗಿಡ ಬಲಿಯುತ್ತದೆ. ಈ ನೋಟವನ್ನೇ ಪುಟ್ಟ ಕುಂಡದಲ್ಲಿ ಮೂಡಿಸುವ ಕಲೆಯೊಂದುಂಟು. ಚೀನಾದಲ್ಲಿ ಹುಟ್ಟಿ ಜಪಾನಿನಲ್ಲಿ ಬೆಳೆದ ಅದರ ಹೆಸರು ಬೋನ್ಸಾಯ್.

ಜಪಾನೀಯರಿಗೆ ಜೂನಿಪರ್ ಮರ ಅಚ್ಚುಮೆಚ್ಚು. ಆದರೆ ಚಳಿಗಾಲದ ವಿಶ್ರಾಂತಿಯಿಲ್ಲದೆ ಅದು ಸೊರಗುತ್ತದೆ. ಬೇಸಿಗೆಯಲ್ಲಿ 40 ಡಿಗ್ರಿ ಮೀರುವ ರಾಯಚೂರಿಗೆ ಅರಳಿ, ಬಸರಿಗಳೇ ಒಗ್ಗುತ್ತವೆ.

ಎಳೆಯ ಗಿಡದ ಬೇರಿನ ಮಣ್ಣನ್ನು ಮೆಲ್ಲನೆ ತೊಳೆಯಬೇಕು. ಒರಟುಗಲ್ಲಿನ ಕೊರಕಲುಗಳಲ್ಲಿ ಬೇರುಗಳನ್ನು ಹರಡಿ, ನಾರಿನಿಂದ ಬಿಗಿದು, ಕಲ್ಲುಸಹಿತ ಆಳವಾದ ಕುಂಡದಲ್ಲಿ ಹೂಳಬೇಕು. ಎರಡು ಮೂರು ವರ್ಷಗಳಲ್ಲಿ ಮೇಲಿನ ಮಣ್ಣನ್ನು ತುಸುತುಸುವೇ ತೆಗೆಯುತ್ತ ಬಂದರೆ ಬೇರು ಬೆಳಕಿಗೆ ಒಗ್ಗಿ ತೊಗಟೆ ತಳೆಯುತ್ತದೆ. ಆತುರಪಟ್ಟು ಒಮ್ಮೆಗೇ ತೆರೆದರೆ ಎಳೆಬೇರು ಒಣಗಿ ಗಿಡ ಸಾಯುತ್ತದೆ. ಕೊಂಬೆಗಳನ್ನು ಬಾಗಿಸಲು ಸುತ್ತಿದ ತಂತಿಯನ್ನೂ ಅದು ತೊಗಟೆಯಲ್ಲಿ ನಾಟುವ ಮುನ್ನವೇ ಬಿಚ್ಚಬೇಕು.

ರಾಯಚೂರಿನ ಕೋಟೆ 1294ರಲ್ಲಿ ಕಾಕತೀಯರ ಕಾಲದಲ್ಲಿ ಎದ್ದಿತು. ಗಾರೆಯಿಲ್ಲದೆ ಹಿರಿಗಲ್ಲುಗಳನ್ನು ಹೊಂದಿಸಿ ಕಟ್ಟಿದ ಅಂಥ ಗೋಡೆಯ ಸಂದಿನಲ್ಲಿ ಅರಳಿ ಬೇರೂರಿದರೆ ಕಾಲಕ್ರಮದಲ್ಲಿ ಕಲ್ಲನ್ನೇ ಸರಿಸಬಲ್ಲುದು. ಕುಂಡದಲ್ಲಿ ಅದೇ ಬೇರು ಕಲ್ಲನ್ನು ತಬ್ಬಿ ಚೆಲುವಾಗಿ ನಿಲ್ಲುತ್ತದೆ. ಎರಡೆಡೆಯೂ ಬೇರಿನ ಬಲ ಒಂದೇ. ಅದಕ್ಕೆ ದಾರಿ ತೋರುವ ಕೈಗೆ ವರ್ಷಗಟ್ಟಲೆಯ ತಾಳ್ಮೆ ಬೇಕು.