ಆಹಾರಶಾಸ್ತ್ರದ ಕೆಲವು ಪದಗಳೂ ಹೊಲದ ಅಕ್ಕಡಿ ಸಾಲೂ

ಅರಸೀಕೆರೆಯಿಂದ ಹಳೇಬೀಡಿನ ಮಾರ್ಗವಾಗಿ ಬೇಲೂರಿಗೆ ಪ್ರಯಾಣ ಮಾಡುವವರು ಒಂದೇ ದಿನದಲ್ಲಿ ಎರಡು ವಿಧದ ಊಟವನ್ನು ಕಾಣಬಹುದು. ಮೂಡಲಲ್ಲಿ ತೆಂಗಿನ ತೋಟಗಳ ನಡುವಣ ಬೆದ್ದಲಿನ ರಾಗಿ. ಪಡುವಲಿಗೆ ಸರಿದಂತೆ ಮಳೆ ಹೆಚ್ಚಿ, ಗದ್ದೆಯ ಅನ್ನ. ಇವುಗಳ ಗುಣದೋಷಗಳನ್ನು ತಿಳಿಯಬೇಕಾದರೆ ಆಹಾರಶಾಸ್ತ್ರದ ನಾಲ್ಕಾರು ಪದಗಳ ಪರಿಚಯವು ಅವಶ್ಯಕ. ಊರಿನ ಮುಖಂಡರೂ ಜಮೀನುದಾರರೂ ಇದನ್ನು ವೈದ್ಯರ ವಿಷಯವೆಂದು ಬಿಡತಕ್ಕದ್ದಲ್ಲ. ಊಟದಲ್ಲಿ ಏನಿರುವುದೆಂಬುದು ಬಹುಮಟ್ಟಿಗೆ ಬಿತ್ತನೆಯ ದಿನವೇ ನಿಶ್ಚಯವಾಗುತ್ತದೆ.

ಉಂಡ ಆಹಾರವನ್ನು ದೇಹವು ಒಡೆದು ಶಕ್ತಿಯನ್ನು ಪಡೆಯುವುದು ಅಪಚಯ. ಅದರಿಂದಲೇ ಮಾಂಸ, ಮೂಳೆ, ರಕ್ತಗಳನ್ನು ಕಟ್ಟಿಕೊಳ್ಳುವುದು ಚಯ. ಎರಡೂ ಸೇರಿ ಚಯಾಪಚಯವೆನಿಸುತ್ತದೆ. ನಿದ್ರೆಯಲ್ಲಿಯೂ ಇದು ನಿಲ್ಲುವುದಿಲ್ಲ. ಶಕ್ತಿಯ ಅಳತೆಗೆ ಕ್ಯಾಲೊರಿ ಎಂದು ಹೆಸರು. ಒಂದು ಕಿಲೋಗ್ರಾಂ ನೀರಿನ ಉಷ್ಣತೆಯನ್ನು ಒಂದು ಡಿಗ್ರಿಯಷ್ಟು ಏರಿಸತಕ್ಕ ಶಾಖವು ಆಹಾರದ ಲೆಕ್ಕದಲ್ಲಿ ಒಂದು ಕ್ಯಾಲೊರಿ. 100 ಗ್ರಾಂ ರಾಗಿಯಿಂದ ಸುಮಾರು 320 ದೊರೆಯುತ್ತದೆ. ದಿನವೆಲ್ಲ ಗುದ್ದಲಿ ಹಿಡಿಯುವ ಗಂಡಾಳಿಗೆ 3,400ರಷ್ಟು ಬೇಕು.

ರಾಗಿ, ಅಕ್ಕಿಗಳಲ್ಲಿ ವಿಶೇಷವಾಗಿರುವುದು ಪಿಷ್ಟ. ಇದು ಜೀರ್ಣವಾಗಿ ಸಕ್ಕರೆಯ ರೂಪದಲ್ಲಿ ರಕ್ತವನ್ನು ಸೇರುತ್ತದೆ. ತತ್ಕಾಲಕ್ಕೆ ಬೇಡವಾದುದರಲ್ಲಿ ಸ್ವಲ್ಪವು ಯಕೃತ್ತಿನಲ್ಲಿಯೂ ಮಾಂಸಖಂಡಗಳಲ್ಲಿಯೂ ನಿಂತು, ಮಿಕ್ಕದ್ದು ಮೇದಸ್ಸಾಗಿ ಶೇಖರವಾಗುತ್ತದೆ. ನಮ್ಮ ಹಿರಿಯರು ಸುಗ್ಗಿಯ ರಾಗಿಯನ್ನು ಹಗೇವಿನಲ್ಲಿಟ್ಟು ಬರಗಾಲದಲ್ಲಿ ತೆಗೆಯುತ್ತಿದ್ದಂತೆಯೇ ಇದು. ಪಿಷ್ಟವು ಗ್ರಾಮಿಗೆ 4 ಕ್ಯಾಲೊರಿ ಕೊಟ್ಟರೆ ಮೇದಸ್ಸು 9 ಕೊಡುತ್ತದೆ. ಅರಸೀಕೆರೆಯ ಕೊಬ್ಬರಿಯಲ್ಲಿ ಅರ್ಧಕ್ಕಿಂತ ಹೆಚ್ಚು ಮೇದಸ್ಸೇ. ಆದರೆ ಅದು ಮಾರುಕಟ್ಟೆಗೆ ಹೋಗುವಷ್ಟು ಕೂಲಿಯವನ ಸಾರಿಗೆ ಬರುವುದಿಲ್ಲ.

ಸಸಾರಜನಕಕ್ಕೆ ಮಾತ್ರ ಹಗೇವಿಲ್ಲ. ದೇಹವನ್ನು ಕಟ್ಟುವ ಈ ವಸ್ತುವು ನಿತ್ಯವೂ ಊಟದಲ್ಲಿ ಬರತಕ್ಕದ್ದು. ಶಕ್ತಿಗೆ ಪಿಷ್ಟವು ಸಾಲದೆ ಹೋದರೆ, ಸೌದೆಯಿಲ್ಲದವನು ಮನೆಯ ತೊಲೆಯನ್ನೇ ಒಲೆಗಿಡುವಂತೆ, ದೇಹವು ಸಸಾರಜನಕವನ್ನೇ ಸುಡುತ್ತದೆ. ರಾಗಿಯಲ್ಲಿ ಇದು ನೂರಕ್ಕೆ ಸುಮಾರು 7 ಪಾಲು, ಹುರುಳಿಯಲ್ಲಿ 22, ಅವರೆಯಲ್ಲಿ 25ರ ಸುಮಾರು. ಪ್ರಮಾಣವೊಂದನ್ನೇ ನೋಡಿದರೂ ಸಾಲದು. ಸಸಾರಜನಕವು ಅಮೈನೋ ಆಮ್ಲಗಳೆಂಬ ಇಟ್ಟಿಗೆಗಳಿಂದಾದುದು. ಅವುಗಳಲ್ಲಿ ಒಂಬತ್ತನ್ನು ದೇಹವು ತಾನಾಗಿ ಮಾಡಿಕೊಳ್ಳಲಾರದು. ಅಂತಹ ಲೈಸಿನ್ ರಾಗಿಯಲ್ಲಿ ಕಡಮೆ, ಕಾಳುಗಳಲ್ಲಿ ಸಮೃದ್ಧಿ. ಮೆಥಿಯೋನಿನ್ ಕಾಳುಗಳಲ್ಲಿ ಕಡಮೆ, ರಾಗಿಯಲ್ಲಿ ಚೆನ್ನಾಗಿದೆ. ಆದಕಾರಣ ಮುದ್ದೆಯೂ ಹುರುಳಿಯ ಸಾರೂ ಒಂದರ ಕೊರತೆಯನ್ನೊಂದು ತುಂಬುತ್ತವೆ. ರಾಗಿಯ ಸಾಲುಗಳ ನಡುವೆ ಅವರೆ, ತೊಗರಿ, ಹುಚ್ಚೆಳ್ಳುಗಳನ್ನು ಬಿತ್ತುವ ಅಕ್ಕಡಿಯ ಪದ್ಧತಿಯು ಈ ಜೋಡಿಯನ್ನು ಹೊಲದಲ್ಲಿಯೇ ಕೂಡಿಸಿತ್ತು.

ಈ ವಿಷಯದಲ್ಲಿ ಲೇಖಕನೂ ತಪ್ಪಿತಸ್ಥನು. ಸೇವೆಯ ಮೊದಲ ವರ್ಷಗಳಲ್ಲಿ ಹಳೇಬೀಡಿನ ಸಮೀಪದ ಜಮೀನುದಾರರೊಬ್ಬರಿಗೆ, ಅಕ್ಕಡಿಯನ್ನು ಬಿಟ್ಟು ಹೊಲವನ್ನೆಲ್ಲ ರಾಗಿಗೇ ಇಟ್ಟರೆ ಕೊಯ್ಲು ಸುಲಭ, ಇಳುವರಿ ಅಧಿಕವೆಂದು ಬುದ್ಧಿ ಹೇಳಿದೆನು. ರಾಗಿ ಹೆಚ್ಚಿದ್ದು ನಿಜ. ಎರಡು ವರ್ಷಗಳ ತರುವಾಯ ಅಲ್ಲಿಗೆ ಹೋದಾಗ, ಅವರ ಹೊಲದಲ್ಲಿ ಕೂಲಿ ಮಾಡುತ್ತಿದ್ದವರ ಮನೆಯಲ್ಲಿ ಮುದ್ದೆಯ ಪಕ್ಕದಲ್ಲಿದ್ದುದು ಉಪ್ಪು ಖಾರದ ನೀರು. ಮೊದಲು ಕೂಲಿಯ ಜೊತೆಗೆ ಹಸಿ ಕಾಯಿಯನ್ನು ಮಡಿಲಿಗೆ ಕೊಯ್ದುಕೊಳ್ಳುತ್ತಿದ್ದ ಹೆಂಗಸು, “ಈಗ ಅವರೇಕಾಯಿನ ಸಂತೇಲಿ ಕೊಳ್ಳಬೇಕು ಸ್ವಾಮಿ, ಎಲ್ಲಿಂದ ತರೋದು?” ಎಂದಳು. ನನ್ನ ಇಳುವರಿಯ ಪುಸ್ತಕದಲ್ಲಿ ಆ ನಷ್ಟವನ್ನು ಬರೆಯುವ ಕಾಲಮು ಇರಲಿಲ್ಲ.

ಗಂಡಾಳು ಹೆಚ್ಚು ಮುದ್ದೆಯುಂಡು ಹೇಗಾದರೂ ಸರಿದೂಗಿಸಿಯಾನು. ಎರಡು ವರ್ಷದ ಕೂಸಿನ ಹೊಟ್ಟೆಯಲ್ಲಿ ಅಷ್ಟು ಸ್ಥಳವಿಲ್ಲ. ರಾಗಿಯನ್ನು ಮೊಳಕೆ ಬರಿಸಿ ಒಣಗಿಸಿ ಬೀಸಿದ ಹಿಟ್ಟಿನ ಸರಿಯು ಬೇಗ ಗಟ್ಟಿಯಾಗುವುದಿಲ್ಲವಾದ್ದರಿಂದ ಅದೇ ಬಟ್ಟಲಿನಲ್ಲಿ ಹೆಚ್ಚು ಹಿಟ್ಟನ್ನು ಉಣಿಸಬಹುದು. ನಾಲ್ಕು ಪಾಲು ರಾಗಿಗೆ ಒಂದು ಪಾಲು ಹೆಸರುಬೇಳೆಯನ್ನು ಕೂಡಿಸುವುದು ಉತ್ತಮ.

ಲವಣಗಳಲ್ಲಿ ಮೂಳೆಗೆ ಬೇಕಾದ ಸುಣ್ಣದ ಅಂಶವು 100 ಗ್ರಾಂ ರಾಗಿಯಲ್ಲಿ ಸುಮಾರು 340 ಮಿಲಿಗ್ರಾಂ ಇದ್ದರೆ, ಪಾಲಿಷ್ ಮಾಡಿದ ಅಕ್ಕಿಯಲ್ಲಿ ಹತ್ತರ ಆಸುಪಾಸು. ಕಬ್ಬಿಣವು ರಕ್ತಕ್ಕೆ ಬೇಕು. ಧಾನ್ಯದಲ್ಲಿರುವ ಫೈಟಿಕ್ ಆಮ್ಲವು ಅದನ್ನು ಹಿಡಿದಿಡುತ್ತದೆ. ಮೊಳಕೆಯಿಂದ ಆ ಆಮ್ಲವು ತಗ್ಗುತ್ತದೆ. ಸಾರಿಗೆ ಹಿಂಡಿದ ನಿಂಬೆಯಿಂದ ಕಬ್ಬಿಣವು ಹೆಚ್ಚಾಗಿ ಒದಗುತ್ತದೆ. ಊಟದೊಡನೆಯೇ ಕುಡಿದ ಕಾಫಿಯು ಅದನ್ನು ತಡೆಯುತ್ತದೆ. ಬೇಲೂರಿನ ತೋಟದವರು ಈ ಮಾತಿಗೆ ಕೋಪಿಸಿಕೊಳ್ಳಬಾರದು, ಒಂದು ಗಂಟೆ ತಡೆದು ಕುಡಿದರಾಯಿತು. ಜೀವಸತ್ವಗಳೆಂಬುವು ಅತ್ಯಲ್ಪ ಪ್ರಮಾಣದಲ್ಲಿದ್ದೇ ಚಯಾಪಚಯವನ್ನು ನಡೆಸತಕ್ಕವು. 1890ರ ದಶಕದಲ್ಲಿ ಜಾವಾ ದ್ವೀಪದಲ್ಲಿ ಐಕ್ಮನ್ ಎಂಬ ಡಚ್ ವೈದ್ಯನು, ಪಾಲಿಷ್ ಅಕ್ಕಿಯನ್ನೇ ತಿಂದ ಕೋಳಿಗಳು ಕಾಲು ಸೋತು ಬಿದ್ದು, ತವುಡಿನಿಂದ ಗುಣವಾದುದನ್ನು ಕಂಡನು. ಅನ್ನವನ್ನೇ ನಂಬಿದ ಮನೆಗಳವರು ಅಕ್ಕಿಯನ್ನು ಬೆಳ್ಳಗಾಗುವವರೆಗೆ ಮಿಲ್ಲಿನಲ್ಲಿ ಉಜ್ಜಿಸಬಾರದು.

ಮುಂಗಾರಿನಲ್ಲಿ ಎಂಟು ಹತ್ತು ಸಾಲು ರಾಗಿಗೆ ಒಂದೆರಡು ಸಾಲು ಅವರೆಯನ್ನೋ ತೊಗರಿಯನ್ನೋ ಇಡಬೇಕು. ಹಸಿ ಕಾಯಿಯನ್ನು ಕೊಯ್ದುಕೊಳ್ಳುವ ವಿಷಯವನ್ನು ಕೂಲಿಯವರೊಡನೆ ಬಿತ್ತನೆಗೆ ಮೊದಲೇ ಮಾತನಾಡಿಕೊಳ್ಳತಕ್ಕದ್ದು. ಮೇಲೆ ಹೇಳಿದ ಜಮೀನುದಾರರು ಎರಡು ವರ್ಷಗಳಿಂದ ಮತ್ತೆ ಅವರೆಯ ಸಾಲನ್ನು ಇಟ್ಟಿದ್ದಾರೆ. ರಾಗಿಯ ಕೊಯ್ಲಿಗೆ ಅಡ್ಡಿಯಾಯಿತೆಂದು ಲೇಖಕನನ್ನು ಆಕ್ಷೇಪಿಸುವುದನ್ನು ಮಾತ್ರ ಬಿಟ್ಟಿಲ್ಲ.